ನೀಲಗಿರಿಯ ಜಾಗಕ್ಕೊಂದು ಸಂಪಿಗೆ

ಮೊದಲ ಮಳೆ ಬಿದ್ದ ಸಂಜೆ ನೀಲಗಿರಿ ತೋಪಿನ ಪಕ್ಕ ನಡೆದವರಿಗೆ ಆ ವಾಸನೆ ಗೊತ್ತು. ಮೂಗು ಬಿಚ್ಚಿಕೊಳ್ಳುತ್ತದೆ, ಶೀತ ಆದಾಗ ಅಜ್ಜಿ ಕರ್ಚೀಫಿಗೆ ಹಚ್ಚಿಕೊಟ್ಟ ಎಣ್ಣೆ ನೆನಪಾಗುತ್ತದೆ. ನ್ಯಾಮತಿ ಕಡೆ ಹೊಸ ಮನೆ ಕಟ್ಟಿದ ಗೆಳೆಯನೊಬ್ಬ ಇದನ್ನೇ ಹೇಳಿದ: "ಮನೆ ಮುಂದೆ ಒಂದು ನೀಲಗಿರಿ ಹಾಕ್ತೀನಿ ಕಣೋ. ವರ್ಷಪೂರ್ತಿ ಹಸಿರು, ಘಮ ಘಮ ಅನ್ನುತ್ತೆ, ದನ ಬಾಯಿ ಹಾಕಲ್ಲ, ಬೇಗ ಎತ್ತರ ಆಗುತ್ತೆ."

ಅವನ ಆಸೆ ತಪ್ಪಲ್ಲ, ಆರಿಸಿಕೊಂಡ ಮರ ತಪ್ಪು. 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ, ಅಕೇಶಿಯಾಗಳನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲದ ಚಿಂತೆ ಅದಕ್ಕೆ ಕಾರಣ. ಈ ಜಗಳ ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಎಂಬತ್ತರ ದಶಕದಲ್ಲಿ, ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನಲ್ಲಿ, ಹೊನ್ನಾಳಿ ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿ ಇದ್ದಾಗ, ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಮಾಡಿ, ಊರೂರಿನ ಗೋಮಾಳಗಳಲ್ಲಿ ನೀಲಗಿರಿ ನೆಡಲು ಹೊರಟಿದ್ದವು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ಮುಂದಾಳತ್ವದಲ್ಲಿ, ಜನ ನೀಲಗಿರಿ ಸಸಿ ಕಿತ್ತು ಅಲ್ಲೇ ಊರಿಗೆ ಬೇಕಾದ ಗಿಡ ನೆಟ್ಟರು. ಆ ಸತ್ಯಾಗ್ರಹದ ಹೆಸರೇ 'ಕಿತ್ತಿಕೋ ಹಚ್ಚಿಕೋ'. ಆ ಕಡೆ ಹಚ್ಚುವುದು ಅಂದರೆ ನೆಡುವುದು. ಈ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು.

ನೀಲಗಿರಿ ನಿಜಕ್ಕೂ ಅಷ್ಟು ನೀರು ಕುಡಿಯುತ್ತದೆಯೇ? ಶಿವಮೊಗ್ಗ ಹತ್ತಿರದ ಪುರದಾಳು ಮತ್ತು ಬೆಂಗಳೂರು ಕಡೆಯ ಹೊಸಕೋಟೆ ಸೇರಿದಂತೆ ಕೆಲವು ಕಡೆ ವಿಜ್ಞಾನಿಗಳು ವರ್ಷಗಟ್ಟಲೆ ಅಳೆದು ನೋಡಿದರು. ಮಣ್ಣು ಹೆಚ್ಚು ಆಳವಿಲ್ಲದ ಕಡೆ ಅದರ ಕುಡಿತ ನಮ್ಮ ಕುರುಚಲು ಕಾಡಿನಷ್ಟೇ. ಆಳ ಮಣ್ಣಿನ ಹೊಸಕೋಟೆಯಲ್ಲಿ ಮಾತ್ರ ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಹೀರಿತ್ತು. ಎಲ್ಲ ಕಡೆಯೂ ರಾಗಿ ಹೊಲದ ಸುಮಾರು ಎರಡು ಪಟ್ಟು. ಹಾಗಾಗಿ ಅದನ್ನು ರಾಕ್ಷಸ ಎನ್ನಲಾರೆ. ಆದರೆ ಬೋರ್‌ವೆಲ್ ನೆಚ್ಚಿಕೊಂಡ ಅಂಗಳಕ್ಕೆ ಕರೆಯಬೇಕಾದ ನೆಂಟನೂ ಅಲ್ಲ.

ಗೆಳೆಯ ಕೇಳಿದ್ದೇನು? ಹಸಿರು, ಎತ್ತರ, ಘಮ. ಮೂರನ್ನೂ ಕೊಡುವ ಮರ ನಮ್ಮದೇ ಇದೆ, ಸಂಪಿಗೆ. ಎಲೆ ಉದುರಿಸಿ ಬೋಳಾಗಿ ನಿಲ್ಲುವುದಿಲ್ಲ, ಕಾಂಡ ನೆಟ್ಟಗೆ ಏಳುತ್ತದೆ, ಒಂದು ಹೂವಿದ್ದರೆ ಪಡಸಾಲೆ ತುಂಬುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆಯನ್ನು ನೋಡಿದವರಿಗೆ ಇದು ಎಷ್ಟು ತಲೆಮಾರು ಬಾಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

"ಸಂಪಿಗೆ ಮಲೆನಾಡಿನ ಮರ, ನಮ್ಮಲ್ಲಿ ಬರುತ್ತಾ?" ಭಯಪಡಬೇಡಿ, ಬರುತ್ತದೆ. ನ್ಯಾಮತಿ ಅತ್ತ ಮಲೆನಾಡೂ ಅಲ್ಲ, ಇತ್ತ ಪೂರ್ತಿ ಬಯಲೂ ಅಲ್ಲ. ಎರಡು ಮಾತು ನೆನಪಿಟ್ಟರೆ ಸಾಕು: ಬುಡದಲ್ಲಿ ನೀರು ನಿಲ್ಲಬಾರದು, ಬೇಸಿಗೆಯಲ್ಲಿ ನೀರು ಹಾಕುವುದು ನಿಲ್ಲಬಾರದು.

ಬೇಕಾಗುವ ಸಾಮಾನು: ಹಾರೆ, ಗುದ್ದಲಿ, ಸನಿಕೆ, ಬಾಂಡ್ಲಿ, ಒಂದು ಬ್ಲೇಡು, ಬಿದಿರು ಗಳ, ಹಳೇ ಪಂಚೆಯ ತುಂಡು, ಮುಳ್ಳು ಅಥವಾ ಮೆಶ್, ಎರಡು ಬಿಂದಿಗೆ.

1. ಯಾವ ಸಂಪಿಗೆ ಎಂದು ತಿಳಿದುಕೊಳ್ಳಿ. ಮೊದಲು ಎಡವುವುದು ಇಲ್ಲೇ. ನಮ್ಮಲ್ಲಿ ಕಂಡಕಂಡ ಹೂವಿಗೆಲ್ಲ ಸಂಪಿಗೆ ಎನ್ನುತ್ತೇವೆ. ಗೋಸಂಪಿಗೆ ಅಂದರೆ ದೇವಗಣಗಲೆ. ಅದರ ಕೊಂಬೆ ಮುರಿದರೆ ಹಾಲು ಬರುತ್ತದೆ, ಬೇಸಿಗೆಗೆ ಎಲೆಯೆಲ್ಲ ಉದುರುತ್ತದೆ. ನಾಗಸಂಪಿಗೆ ಇನ್ನೊಂದು ಮರ, ಬೆಳೆಯುವುದು ಬಲು ನಿಧಾನ. ನಿಮಗೆ ಬೇಕಾದದ್ದು ಹಳದಿ ಅಥವಾ ಕಿತ್ತಳೆ ಹೂವಿನ ಸಂಪಿಗೆ, ಕೆಂಡಸಂಪಿಗೆ ಅನ್ನುತ್ತೀವಲ್ಲ, ಅದು. ಸಸ್ಯಶಾಸ್ತ್ರದಲ್ಲಿ ಮ್ಯಾಗ್ನೋಲಿಯ ಚಂಪಕ. ಹಳೇ ಪುಸ್ತಕಗಳಲ್ಲಿ ಮೈಕೇಲಿಯ ಚಂಪಕ ಎಂದಿರುತ್ತದೆ, ಎರಡೂ ಒಂದೇ. ಬಿಳಿ ಸಂಪಿಗೆಯೂ ಚೆಂದವೇ, ಆದರೆ ಅದು ಬೇರೆ ಗಿಡ.

2. ಜಾಗ ಗುರುತು ಮಾಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ, ಮನೆ ಗೋಡೆಯಿಂದ ಕನಿಷ್ಠ 15 ಅಡಿ ದೂರ. ಈಗ ತಲೆ ಎತ್ತಿ ನೋಡಿ. ಕರೆಂಟಿನ ತಂತಿ ಇದೆಯೇ? ಇದ್ದರೆ ಪಕ್ಕಕ್ಕೆ ಸರಿಯಿರಿ. ತಂತಿ ಕೆಳಗೆ ನೆಟ್ಟ ಮರದ ತಲೆಯನ್ನು ಹತ್ತು ವರ್ಷ ಬಿಟ್ಟು ಯಾರೋ ಬಂದು ಕಡಿದು ಹೋಗುತ್ತಾರೆ, ಆಮೇಲೆ ಅದು ಮರವಲ್ಲ, ಮೊಂಡು ಕಂಬ. ಪಿಟ್ ಗುಂಡಿ, ನೀರಿನ ಸಂಪು ಹತ್ತಿರವಿದ್ದರೂ ಬೇಡ. ಪಡುವಣ ಗಾಳಿ ನೇರ ಹೊಡೆಯದಂತೆ ಕಾಂಪೌಂಡೋ ಕೊಟ್ಟಿಗೆಯೋ ಒಂದು ಕಡೆ ಮರೆಯಿದ್ದರೆ ಒಳ್ಳೆಯದು. ಸಂಪಿಗೆಯ ಕೊಂಬೆ ಸ್ವಲ್ಪ ಪೆಡಸು.

3. ನೀರು ಇಂಗುತ್ತದೆಯೇ ನೋಡಿ. ಗುರುತು ಮಾಡಿದ ಕಡೆ ಒಂದಡಿ ಆಳದ ಸಣ್ಣ ಗುಣಿ ತೆಗೆದು ನೀರು ತುಂಬಿ. ಇಂಗಿದ ಮೇಲೆ ಇನ್ನೊಮ್ಮೆ ತುಂಬಿ. ಈ ಎರಡನೇ ನೀರೇ ನಿಮ್ಮ ಪರೀಕ್ಷೆ. ಕೆಂಪು ಮಸಾರಿಯಾದರೆ ಕೆಲವೇ ಗಂಟೆಗಳಲ್ಲಿ ಖಾಲಿಯಾಗುತ್ತದೆ. ಮರುದಿನ ಬೆಳಗ್ಗೆಯೂ ನಿಂತಿದ್ದರೆ ಅಡಿಯಲ್ಲಿ ಎರೆ ಇದೆ ಅಥವಾ ಗಟ್ಟಿ ಪದರವಿದೆ.

ನನ್ನ ಮೊದಲ ಸಂಪಿಗೆ ಸತ್ತದ್ದು ಹೀಗೇ. ಎರೆ ಮಣ್ಣಿನಲ್ಲಿ ಚೊಕ್ಕವಾಗಿ ಗುಂಡಿ ತೋಡಿ, ಗೊಬ್ಬರ ತುಂಬಿ ನೆಟ್ಟೆ. ಆಷಾಢದ ಜಡಿಮಳೆಗೆ ಆ ಗುಂಡಿ ಬಾವಿಯಾಯಿತು, ಬೇರು ಕೊಳೆಯಿತು. ಎಲೆ ಬಾಡಿದ್ದು ಕಂಡು ನೀರು ಸಾಲದೇನೋ ಎಂದು ನಾನು ಇನ್ನೂ ಎರಡು ಕೊಡ ಸುರಿದೆ! ನಿಮ್ಮದೂ ಅಂಥ ಮಣ್ಣಾದರೆ ಬಿಟ್ಟುಬಿಡಬೇಕಿಲ್ಲ. ಗುಂಡಿ ಬದಲು ದಿಬ್ಬ ಮಾಡಿ. ಹೊರಗಿನಿಂದ ಕೆಂಪು ಮಣ್ಣು ತಂದು, ಒಂದೂವರೆ ಅಡಿ ಎತ್ತರ, ಆರಡಿ ಅಗಲಕ್ಕೆ ಏರಿಸಿ ಅದರ ನೆತ್ತಿಯಲ್ಲಿ ನೆಡಿ.

4. ಗುಂಡಿ ತೆಗೆಯಿರಿ. ಮೇ ತಿಂಗಳಲ್ಲೇ ತೆಗೆದುಬಿಡಿ. ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಮೇಲಿನ ಒಂದಡಿ ಮಣ್ಣನ್ನು ಬಲಕ್ಕೂ ಕೆಳಗಿನದ್ದನ್ನು ಎಡಕ್ಕೂ ಬೇರೆ ಬೇರೆ ಗುಡ್ಡೆ ಹಾಕಿ. ಎರಡು ಮೂರು ವಾರ ಗುಂಡಿ ಬಿಸಿಲಿಗೆ ಕಾಯಲಿ. ಮಕ್ಕಳು ಓಡಾಡುವ ಅಂಗಳವಾದರೆ ಮೇಲೊಂದು ಹಲಗೆ ಮುಚ್ಚಿ.

ಹೊಸ ಮನೆಯವರು ಇಲ್ಲಿ ಎಚ್ಚರ. ಮನೆ ಕಟ್ಟಿದ ಮೇಲೆ ಮೇಸ್ತ್ರಿಗಳು ಉಳಿದ ಸಿಮೆಂಟು, ಸುಣ್ಣ, ಗಾರೆ ಚೂರನ್ನೆಲ್ಲ ಅಂಗಳದಲ್ಲೇ ಹರಡಿ ಮೇಲೆ ಚೆಂದಕ್ಕೆ ಮಣ್ಣು ಎಳೆದಿರುತ್ತಾರೆ. ಸಂಪಿಗೆಗೆ ಸುಣ್ಣದ ಅಂಶ ಆಗಿಬರುವುದಿಲ್ಲ. ಸ್ವಲ್ಪ ಹುಳಿ ಮಣ್ಣೇ ಅದಕ್ಕೆ ಇಷ್ಟ. ಅಗೆಯುವಾಗ ಸಿಕ್ಕ ಚೂರನ್ನೆಲ್ಲ ಆರಿಸಿ ಹೊರಗೆ ಹಾಕಿ. ತೀರಾ ಹೆಚ್ಚಿದ್ದರೆ ಗುಂಡಿಯನ್ನು ಮೂರಡಿಗೆ ಹಿಗ್ಗಿಸಿ ಬೇರೆ ಮಣ್ಣು ತುಂಬುವುದೇ ವಾಸಿ.

5. ಗಿಡ ತನ್ನಿ. ಬೀಜದ ಗಿಡ ಅಗ್ಗ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ ನೋಡಿ. ಬೇರು ಗಟ್ಟಿ, ಮರ ದೊಡ್ಡದಾಗುತ್ತದೆ, ಆದರೆ ಹೂವಿಗೆ ಏಳೆಂಟು ವರ್ಷ ಕಾಯಬೇಕು. ಕಸಿ ಗಿಡ ದುಬಾರಿ, ಮರವೂ ಅಷ್ಟು ಎತ್ತರ ಹೋಗುವುದಿಲ್ಲ, ಆದರೆ ಎರಡು ಮೂರು ವರ್ಷಕ್ಕೇ ಹೂ ಬಿಡುತ್ತದೆ. ನನ್ನನ್ನು ಕೇಳಿದರೆ, ಜಾಗವಿದ್ದವರು ಬೀಜದ ಗಿಡವನ್ನೇ ನೆಡಬೇಕು. ಆದರೆ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ "ನಾನು ಮುಡ್ಕೊಳ್ಳೋದು ಯಾವಾಗಪ್ಪ" ಎಂದರೆ ಕಸಿ ತನ್ನಿ.

ಎತ್ತರದ ಗಿಡಕ್ಕೆ ಮರುಳಾಗಬೇಡಿ. ಎರಡಡಿ ಎತ್ತರ, ಪೆನ್ಸಿಲ್ ದಪ್ಪ, ಕಡು ಹಸಿರು ಎಲೆ, ಇಷ್ಟಿದ್ದರೆ ಸಾಕು. ಚೀಲದ ತಳ ನೋಡಿ. ಬೇರು ಹೊರಬಂದು ನೆಲಕ್ಕಿಳಿದಿದ್ದರೆ ಆ ಗಿಡ ಬಿಡಿ, ಎತ್ತುವಾಗ ಬೇರು ಹರಿದಿರುತ್ತದೆ. ಕಸಿಯದ್ದಾದರೆ ಬೆಸುಗೆಯ ಗಂಟು ಎಲ್ಲಿದೆ ಎಂದು ಅಲ್ಲೇ ಕೇಳಿ ತಿಳಿದುಕೊಳ್ಳಿ.

ಮನೆ ಮುಂದೆ ಒಂದೇ ಅಲ್ಲ, ಜಮೀನಿನ ಬದುವಿಗೂ ಹತ್ತಿಪ್ಪತ್ತು ಸಸಿ ಹಾಕುವ ಮನಸ್ಸಿದೆಯೇ? ಹಾಗಿದ್ದರೆ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆ ವಿಚಾರಿಸಿ. ಬದುಕುಳಿದ ಸಸಿಗಳ ಲೆಕ್ಕದಲ್ಲಿ ರೈತರಿಗೆ ಹಣ ಕೊಡುವ ಯೋಜನೆ ಅದು. ನೆಟ್ಟ ಮೇಲೆ ಹೋಗಿ ಕೇಳಿದರೆ ಆಗುವುದಿಲ್ಲ, ಮುಂಚೆಯೇ ಹೆಸರು ಬರೆಸಬೇಕು.

6. ಗುಂಡಿ ತುಂಬಿ. ಬಲಗಡೆ ಇಟ್ಟ ಮೇಲ್ಮಣ್ಣು, ಅದರೊಂದಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬಾಂಡ್ಲಿ, ಬೇವಿನ ಹಿಂಡಿ ಅರ್ಧ ಕೆಜಿ. ಕಲಸಿ ತುಂಬಿ, ಸಾಲದ್ದಕ್ಕೆ ಎಡಗಡೆಯ ಮಣ್ಣು ಹಾಕಿ, ನೆಲಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ ಬರಲಿ, ಮಳೆಗೆ ಇಳಿಯುತ್ತದೆ. ಹಸಿ ಸಗಣಿ ಮಾತ್ರ ಹಾಕಬೇಡಿ. ಅದು ಕಾವು ಏರಿ ಎಳೇ ಬೇರನ್ನು ಸುಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಮೂಸಿ ನೋಡಿ. ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದಿರಬೇಕು.

7. ಮಳೆ ಕಾಯಿರಿ. ಮೃಗಶಿರಾ ಮಳೆ ಶುರುವಾಯಿತೆಂದು ಅವಸರ ಬೇಡ. ಒಂದೆರಡು ಹದ ಮಳೆ ಬಿದ್ದು ಗುಂಡಿಯ ಮಣ್ಣು ಅಡಿತನಕ ನೆನೆಯಲಿ. ಸಾಮಾನ್ಯವಾಗಿ ಜೂನ್ ಕೊನೆಯ ಆರಿದ್ರಾ ಹೊತ್ತಿಗೆ ಹದ ಸಿಗುತ್ತದೆ. ಮೋಡ ಕವಿದ ದಿನ, ಸಂಜೆ ನಾಲ್ಕರ ಮೇಲೆ ನೆಡಿ.

8. ನೆಡಿ. ಇದು ಹತ್ತು ನಿಮಿಷದ ಕೆಲಸ. ಆದರೆ ಇಲ್ಲಿ ಆತುರ ಮಾಡಿದರೆ ಗಿಡ ಹೋಯಿತು, ಯಾಕೆಂದರೆ ಸಂಪಿಗೆಯ ಬೇರು ಮೆತ್ತಗೆ, ತಿರುಳು ತಿರುಳಾಗಿರುತ್ತದೆ. ಮುಟ್ಟಿದರೆ ಮುರಿಯುತ್ತದೆ, ಮುರಿದರೆ ಬೇಗ ಚೇತರಿಸಿಕೊಳ್ಳುವುದಿಲ್ಲ. ಮೊದಲು ಚೀಲದ ಮಣ್ಣಿಗೆ ನೀರು ಹಾಕಿ ಒಂದು ಗಂಟೆ ಬಿಡಿ. ಗುಂಡಿಯ ನಡುವೆ ಚೀಲ ಕೂರುವಷ್ಟೇ ಮಣ್ಣು ತೆಗೆಯಿರಿ. ಬ್ಲೇಡಿನಿಂದ ಚೀಲದ ತಳ ಕೊಯ್ದು ತೆಗೆಯಿರಿ. ಎಡಗೈಯನ್ನು ತಳಕ್ಕೆ ಕೊಟ್ಟು ಮಣ್ಣಿನ ಹೆಂಟೆ ಒಡೆಯದಂತೆ ಕುಣಿಯೊಳಗೆ ಕೂರಿಸಿ. ಕೂತ ಮೇಲೆ ಪಕ್ಕದಿಂದ ಚೀಲ ಸೀಳಿ ಮೆಲ್ಲಗೆ ಎಳೆದುಬಿಡಿ. ಕಾಂಡ ಹಿಡಿದು ಮೇಲಕ್ಕೆ ಜಗ್ಗಬೇಡಿ. ಚೀಲದಲ್ಲಿ ಮಣ್ಣು ಎಲ್ಲಿಯವರೆಗಿತ್ತೋ ನೆಲದಲ್ಲೂ ಅಲ್ಲಿಯವರೆಗೇ ಇರಲಿ. ಕಸಿಯ ಗಂಟು ಮಣ್ಣಿನಿಂದ ಒಂದು ಗೇಣಾದರೂ ಮೇಲಿರಬೇಕು.

ಸುತ್ತ ಮಣ್ಣು ತುಂಬಿ ಅಂಗೈಯಿಂದ ಒತ್ತಿ, ಕಾಲಿನಿಂದ ತುಳಿಯಬೇಡಿ. ಮಳೆ ಬರುವಂತಿದ್ದರೂ ಒಂದು ಬಿಂದಿಗೆ ನೀರು ಹಾಕಲೇಬೇಕು. ಬೇರಿಗೂ ಮಣ್ಣಿಗೂ ನಡುವೆ ಉಳಿದ ಗಾಳಿಯನ್ನು ಓಡಿಸುವುದು ಆ ನೀರೇ.

9. ಊರುಗೋಲು ಕೊಡಿ. ಗಿಡದಿಂದ ಒಂದು ಗೇಣು ದೂರದಲ್ಲಿ ಬಿದಿರು ಗಳ ಊರಿ, ಪಂಚೆ ತುಂಡಿನಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ತಂತಿ, ಪ್ಲಾಸ್ಟಿಕ್ ಹುರಿ ಬೇಡ, ತೊಗಟೆ ಕೊಯ್ಯುತ್ತದೆ. ಎರಡನೇ ಮಳೆಗಾಲ ಕಳೆದ ಮೇಲೆ ಬಿಚ್ಚಿಬಿಡಿ.

10. ಬೇಲಿ ಹಾಕಿ. ನೀಲಗಿರಿಗೂ ಸಂಪಿಗೆಗೂ ಇರುವ ಒಂದು ವ್ಯತ್ಯಾಸ ಇಲ್ಲಿ ನಿಮ್ಮ ಕೈ ಕಚ್ಚುತ್ತದೆ. ನೀಲಗಿರಿಯನ್ನು ಆಡು ಮೂಸಿ ಮುಂದೆ ಹೋಗುತ್ತದೆ, ಸಂಪಿಗೆಯ ಚಿಗುರನ್ನು ಹಾಗೆ ಬಿಡುವುದಿಲ್ಲ. ಐದಡಿ ಎತ್ತರದ ಮುಳ್ಳೋ ಮೆಶ್ಶೋ, ಗಿಡದಿಂದ ಎರಡಡಿ ಬಿಟ್ಟು ಸುತ್ತಲೂ ಹಾಕಿ. ಇದು ನಾಳೆಯ ಕೆಲಸವಲ್ಲ, ನೆಟ್ಟ ದಿನವೇ ಆಗಬೇಕು.

11. ಬುಡಕ್ಕೆ ಹೊದಿಕೆ ಹಾಕಿ. ನಮ್ಮ ಸೀಮೆಯಲ್ಲಿ ಅಡಿಕೆ ಸಿಪ್ಪೆಗೇನು ಬರವೇ? ಸುಲಿದ ಮೇಲೆ ರಸ್ತೆ ಬದಿಗೆ ಸುರಿದು ಬೆಂಕಿ ಹಚ್ಚುವ ಆ ಸಿಪ್ಪೆಯನ್ನೇ ನಾಲ್ಕು ಬೆರಳು ದಪ್ಪ ಹರಡಿ. ಮೆಕ್ಕೆಜೋಳದ ದಂಟು, ಒಣ ಎಲೆಯೂ ಆಗುತ್ತದೆ. ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸುತ್ತ ಅರ್ಧ ಅಡಿ ಬರಿ ನೆಲ ಬಿಡಿ, ಇಲ್ಲದಿದ್ದರೆ ಗೆದ್ದಲು ಸಿಪ್ಪೆಯೊಳಗಿನಿಂದ ನೇರ ತೊಗಟೆಗೆ ಏರುತ್ತದೆ.

12. ನೀರಿನ ಲೆಕ್ಕ ಹಿಡಿಯಿರಿ. ಮಳೆಗಾಲದಲ್ಲಿ ಮೂರು ದಿನ ಮಳೆ ಕೈಕೊಟ್ಟರೆ ಒಂದು ಬಿಂದಿಗೆ. ದೀಪಾವಳಿ ಕಳೆದ ಮೇಲೆ ವಾರಕ್ಕೆರಡು ಸಲ, 15 ಲೀಟರ್‌ನಂತೆ. ಶಿವರಾತ್ರಿಯಿಂದ ಮುಂಗಾರಿನವರೆಗೆ ದಿನ ಬಿಟ್ಟು ದಿನ. ಮೊದಲ ಬೇಸಿಗೆ ಗಿಡಕ್ಕೂ ನಿಮಗೂ ಪರೀಕ್ಷೆ. "ಎರಡು ದಿನ ಊರಿಗೆ ಹೋಗಿ ಬರ್ತೀವಿ" ಎಂದು ಹೋಗಿ ಎಂಟು ದಿನಕ್ಕೆ ಬರುವವರು ನಾವು. ಅದಕ್ಕೊಂದು ಉಪಾಯವಿದೆ. ಬಣ್ಣ ಬಳಿಯದ ಹಳೇ ಮಣ್ಣಿನ ಮಡಕೆಯನ್ನು ಗಿಡದಿಂದ ಒಂದೂವರೆ ಅಡಿ ದೂರದಲ್ಲಿ ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ. ಮಡಕೆಯ ಮೈಯಿಂದ ನೀರು ಒಸರುತ್ತಾ ಬೇರಿಗೆ ಸಿಗುತ್ತದೆ. ಮಡಕೆ ಹೂಳುವ ಕೆಲಸವನ್ನು ಗಿಡ ನೆಡುವಾಗಲೇ ಮಾಡಿದರೆ ಆಮೇಲೆ ಬೇರು ಕಡಿಯುವ ಭಯವಿಲ್ಲ.

ಎರಡನೇ ಬೇಸಿಗೆಯಲ್ಲಿ ವಾರಕ್ಕೆರಡು ಸಲ, ಆದರೆ ಒಂದೊಂದು ಸಲಕ್ಕೂ ಎರಡು ಮೂರು ಬಿಂದಿಗೆ, ಕಾಂಡದಿಂದ ಎರಡಡಿ ದೂರದ ಪಾತಿಯಲ್ಲಿ. ಬೇರು ನೀರು ಹುಡುಕಿಕೊಂಡು ಹೊರಗೂ ಕೆಳಗೂ ಹೋಗಬೇಕಲ್ಲ. ದಿನಾ ಬುಡಕ್ಕೆ ಒಂದು ಚೊಂಬು ಸುರಿದು ಸಾಕಿದ ಗಿಡ ಬೇರನ್ನು ಮೇಲೆಯೇ ಇಟ್ಟುಕೊಂಡು ಕೂರುತ್ತದೆ. ಮೂರನೇ ಬೇಸಿಗೆಗೆ ವಾರಕ್ಕೊಮ್ಮೆ ಸಾಕು.

13. ಎಲೆ ನೋಡುವುದನ್ನು ಕಲಿಯಿರಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಅಥವಾ ಸುಣ್ಣದ ಮಣ್ಣು ಕಾರಣವಿರಬಹುದು. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ ಸಿಗುತ್ತದೆ. ಲೀಟರ್ ನೀರಿಗೆ 5 ಗ್ರಾಂ, ಒಂದಿಷ್ಟು ನಿಂಬೆರಸ ಸೇರಿಸಿ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಆದರೆ ಎಲೆ ಪೂರ್ತಿ ಹಳದಿಯಾಗಿ ಉದುರುತ್ತಿದ್ದು ಮಣ್ಣೂ ಹಸಿಯಾಗಿದ್ದರೆ ಕಬ್ಬಿಣ ಬೇಡ, ಬುಡದ ನೀರು ಹೊರಹೋಗಲು ಕಾಲುವೆ ತೆಗೆಯಿರಿ.

ಕಾಂಡದ ಮೇಲೆ ಇರುವೆಗಳ ಸಾಲು ಕಂಡರೆ ಅದು ಹೋಗುವ ಕಡೆ ನೋಡಿ. ಎಳೆ ಕೊಂಬೆಗೆ ಕಂದು ಹುರುಪೆಯಂತೆ ಅಂಟಿಕೊಂಡ ಶಲ್ಕ ಕೀಟ ಸಿಗುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೆಗೆದು, ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಕರಗಲು ಚೂರು ಸೋಪು ಹಾಕಿ ಸಿಂಪಡಿಸಿ.

ಇನ್ನು ಎಲೆ ತಿನ್ನುವ ಹಸಿರು ಹುಳು. ಕಪ್ಪು ರೆಕ್ಕೆ ತುಂಬ ಹಸಿರು ಚುಕ್ಕೆ, ಸಣ್ಣ ಬಾಲ, ಒಂದು ಕಡೆ ನಿಲ್ಲದೆ ಪಟಪಟ ಹಾರುವ ಚಿಟ್ಟೆಯೊಂದು ಸಂಪಿಗೆ, ಸೀತಾಫಲದ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿ ಇದು. ಗಿಡ ಮೂರಡಿ ದಾಟಿದ್ದರೆ ಹತ್ತು ಎಲೆ ಹೋದರೆ ಹೋಗಲಿ ಬಿಡಿ. ತೀರಾ ಚಿಕ್ಕ ಗಿಡವಾದರೆ ಕೈಯಿಂದ ಎತ್ತಿ ಪಕ್ಕದ ಸೀತಾಫಲಕ್ಕೆ ಬಿಡಿ. ಔಷಧ ಹೊಡೆಯುವ ಕೆಲಸವಲ್ಲ.

14. ವರ್ಷಕ್ಕೆರಡು ಸಲ ಗೊಬ್ಬರ, ಒಂದು ಸಲ ಕತ್ತರಿ. ಮುಂಗಾರಿನ ಶುರುವಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ, ಎರಡೆರಡು ಬಾಂಡ್ಲಿ ಕೊಟ್ಟಿಗೆ ಗೊಬ್ಬರ. ಮೊದಲ ವರ್ಷ ಯೂರಿಯಾ ಮುಟ್ಟಬೇಡಿ. ಕಸಿ ಗಂಟಿನ ಕೆಳಗೆ ಚಿಗುರು ಬಂದರೆ ಕಂಡ ದಿನವೇ ಚಿವುಟಿ, ಬಿಟ್ಟರೆ ಅದೇ ಗಿಡವಾಗಿ ಕಸಿ ಸಾಯುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವ ಕೊಂಬೆ ಮಾತ್ರ ತೆಗೆಯಿರಿ. ತುದಿ ಕತ್ತರಿಸಿ ಗುಂಡಗೆ ಮಾಡುವ ಚಾಳಿ ಸಂಪಿಗೆಗೆ ಬೇಡ.

15. ಹೂವು ಬಂದಾಗ. ಮೊದಲು ಹೂ ಕಾಣುವುದಿಲ್ಲ, ವಾಸನೆಯೇ ಬರುತ್ತದೆ. ಎಲೆಯ ಬುಡದಲ್ಲಿ, ಕಂದು ಟೋಪಿ ಕಳಚಿದ ಮೊಗ್ಗು ಹುಡುಕಿ. ಪೂರ್ತಿ ಅರಳುವ ಮುನ್ನ, ಬೆಳಗ್ಗೆ ತೊಟ್ಟು ಸಮೇತ ಚಿವುಟಿ. ಕೋಲಿಂದ ಬಡಿದರೆ ಮುಂದಿನ ಮೊಗ್ಗೂ ಉದುರುತ್ತದೆ. ಸಂಪಿಗೆಗೆ ದುಂಬಿ ಎರಗುವುದಿಲ್ಲ ಎಂದು ನಮ್ಮ ಕವಿಗಳು ಹೇಳುತ್ತಲೇ ಬಂದಿದ್ದಾರೆ. ಅದೇನೇ ಇರಲಿ, ಮ್ಯಾಗ್ನೋಲಿಯ ಕುಟುಂಬದಲ್ಲಿ ಪರಾಗ ಹೊರುವ ಕೆಲಸ ಹೆಚ್ಚಾಗಿ ಜೀರುಂಡೆಗಳದ್ದು. ಹೂವಿನೊಳಗೆ ಪುಟ್ಟ ಜೀರುಂಡೆ ಕಂಡರೆ ಕೊಡವಿ ಓಡಿಸಬೇಡಿ.

ಒಂದಷ್ಟು ಹೂವನ್ನು ಮರದಲ್ಲೇ ಬಿಡಿ. ಗೊಂಚಲು ಕಾಯಿಯಾಗಿ, ಒಡೆದು, ಕೆಂಪು ತಿರುಳಿನ ಬೀಜ ಇಣುಕುತ್ತದೆ, ಹಕ್ಕಿಗಳು ಬರುತ್ತವೆ. ಅವು ಬರುವ ಮುಂಚೆ ನೀವೊಂದು ಹಿಡಿ ಕೊಯ್ದುಕೊಳ್ಳಿ. ತಿರುಳಿದ್ದರೆ ಬೀಜ ಸರಿಯಾಗಿ ಮೊಳೆಯುವುದಿಲ್ಲ, ಮರಳಲ್ಲಿ ಉಜ್ಜಿ ತೊಳೆಯಿರಿ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ನೋಡೋಣ ಎನ್ನಬೇಡಿ. ಎರಡು ವಾರ ದಾಟಿದರೆ ಅದರ ಜೀವ ಕುಂದುತ್ತಾ ಹೋಗುತ್ತದೆ. ಅದೇ ದಿನ ಚೀಲಕ್ಕೆ ಮಣ್ಣು ತುಂಬಿ, ಬೆರಳಿನ ಒಂದು ಗೆರೆ ಆಳಕ್ಕೆ ಊರಿ, ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿ. ಹತ್ತು ಊರಿದರೆ ಮೂರು ನಾಲ್ಕು ಎದ್ದರೂ ಲಾಭವೇ. ಒಂದನ್ನು ನನ್ನ ಆ ಗೆಳೆಯ ಈಗಾಗಲೇ ಕೇಳಿಟ್ಟಿದ್ದಾನೆ.